ಕರಗಿದ ಪ್ಲಾಸ್ಟಿಕ್ಕಿಗೆ ಕಸಿ ಕಟ್ಟಿದವರು

ಮೊನ್ನೆ ಕೊಪ್ಪ ಪೇಟೆಯಲ್ಲಿ ಯಾರೋ ಅಂಗಡಿ ಮುಂದೆ ಆಸಿಡ್ ಸುರಿದು ನೆಲ ತಿಕ್ಕುತ್ತಿದ್ದರು. ಆ ಘಾಟಿಗೆ ಕಣ್ಣಲ್ಲಿ ನೀರು ಬಂತು. ಎಲ್ಲರಿಗೂ ಬರುತ್ತದೆ ಬಿಡಿ; ನನ್ನದು ಮಾತ್ರ ಮನೆ ಮುಟ್ಟಿದರೂ ನಿಲ್ಲಲಿಲ್ಲ. ಶೆಟ್ಟಿಕೊಪ್ಪದ ಆ ಶೆಡ್ಡು, ನಮ್ಮ ಮೇಷ್ಟ್ರು...

ಎರಡು ಸಾವಿರದ ಐದೋ ಆರೋ ಇರಬೇಕು. ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು ಪ್ಲಾಸ್ಟಿಕ್ ಪೈಪ್ ಮಾಡುವ ಹಳೇ ಮಿಷನ್ ಒಂದನ್ನು ತಂದು ಕೂರಿಸಿದ್ದರು. ಕೆಲಸಕ್ಕೆ ನಾನೊಬ್ಬಳೇ. ಊರೆಲ್ಲ ಸುಟ್ಟುಹಾಕುವ ಅಡಿಕೆ ಸಿಪ್ಪೆಯ ನಾರನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಹಲಗೆ ಮಾಡಬೇಕೆಂಬುದು ಅವರ ಹಟ. ಅವೆರಡಕ್ಕೋ ಎಣ್ಣೆ ಸೀಗೇಕಾಯಿ. ಹಲಗೆ ಬಗ್ಗಿಸಿದರೆ ನಾರೆಲ್ಲ ಕಿತ್ತುಕೊಂಡು ಬರುತ್ತಿತ್ತು.

"ಮಾವಿಗೆ ಕಸಿ ಕಟ್ಟಲ್ವಾ ಮಾರಾಯ್ತಿ? ಇದೂ ಹಾಗೇ. ಪ್ಲಾಸ್ಟಿಕ್ ಕರಗಿ ಹರೀತಿರುವಾಗ್ಲೇ ಅದಕ್ಕೆ ಎರಡನ್ನೂ ಬೆಸೆಯೋ ಈ ಪುಡಿ ಕೂಡಿಸ್ಬೇಕು. ಆಮೇಲೆ ಅದು ನಾರನ್ನ ಬಿಡೋದಿಲ್ಲ" ಎನ್ನುತ್ತಿದ್ದರು.

ಆ ಬಿಳೀ ಪುಡಿ ಬಿಸಿಯಾದರೆ ಕೆಟ್ಟ ಘಾಟು. ಮೇಷ್ಟ್ರಿಗೆ ಮೊದಲೇ ದಮ್ಮು, ಹಾಗಾಗಿ ಎರಡೂ ಕಿಟಕಿ ಸದಾ ತೆರೆದಿರುತ್ತಿದ್ದವು. ಆದರೆ ಪುಡಿಗೆ ಥಂಡಿಯೂ ತಗುಲಬಾರದು, ಕೆಟ್ಟುಹೋಗುತ್ತದೆ. ಒಂದು ಆಷಾಢದ ಮಧ್ಯಾಹ್ನ ಮಳೆಯ ಇರಚಲು ಒಳಗೇ ಹೊಡೆಯಿತು. ಒಣಗಿದ ಅಡಿಕೆ, ಮೆಣಸು ಇಟ್ಟುಕೊಂಡ ನಮ್ಮ ಕಡೆಯ ಹೆಂಗಸರಿಗೆ ಮಳೆ ಕಂಡರೆ ಕೈ ಮೊದಲು ಕಿಟಕಿಗೇ ಹೋಗುತ್ತದೆ. ಎರಡನ್ನೂ ಮುಚ್ಚಿದೆ. ಪುಡಿ ಉಳಿಸಿದೆನೆಂಬ ಜಂಬ ಬೇರೆ.

ಮಿಷನ್ ಬಾಯಿಗೆ ಬಗ್ಗಿದ್ದ ಮೇಷ್ಟ್ರು ನೋಡಿರಲಿಲ್ಲ. ಹೊರಬಂದ ಪಟ್ಟಿಯನ್ನು ನೀರಿಗದ್ದಿ, ಬಗ್ಗಿಸಿ, ತಿರುಚಿ, "ಹಿಡೀತು ಕಣೇ!" ಎಂದು ಕೂಗಿದರು. ಕೂಗಿದ ಉಸಿರನ್ನು ಮತ್ತೆ ಎಳೆದುಕೊಳ್ಳಲಾಗಲಿಲ್ಲ. ಹೊರಗೆ ಎಳೆದುಹಾಕಿ, ಸಿಕ್ಕಿದ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆ.

ಜೀವ ಉಳಿಯಿತು. ಮಿಷನ್ ಹತ್ತಿರ ಹೋಗಕೂಡದೆಂದರು ಡಾಕ್ಟರು. ಎರಡು ವರ್ಷ ಕುರ್ಚಿಯಲ್ಲೇ ಕೂತು ಉಸಿರಿಗೆ ಒದ್ದಾಡಿದರು, ಆಮೇಲೆ ಹೋಗಿಬಿಟ್ಟರು... ಆಸ್ಪತ್ರೆಯಲ್ಲಿ ಅವರ ಮನೆಯವರು ಹೇಗಾಯಿತೆಂದು ಕೇಳಿದಾಗ ಮೇಷ್ಟ್ರೇ ಹೇಳಿದ್ದರು, "ಗಾಳಿಗೆ ಕಿಟಕಿ ಮುಚ್ಕೊಂಡಿತ್ತು." ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ.

ನಿನ್ನೆ ಮೇಷ್ಟ್ರ ಹೆಂಡತಿ, ನಮ್ಮ ಅಮ್ಮನವರನ್ನು ನೋಡಿ ಬಂದೆ. ಈಗಲೂ ಮನೆಯ ಕಿಟಕಿಗಳನ್ನೆಲ್ಲ ಹಗ್ಗ ಹಾಕಿ ತೆರೆದೇ ಕಟ್ಟಿಡುತ್ತಾರೆ.

"ಹಾಳು ಗಾಳಿ ನೋಡು, ಅವರನ್ನ ತಿಂತು" ಎಂದು ನನ್ನ ಕೈಗೆ ಕಾಫಿ ಕೊಟ್ಟರು.

ಹೂಂ ಅಂದೆ.