ಒಂದು ಹೊಲ, ಎರಡು ದರ, ಹನ್ನೆರಡು ಮನೆ

ನಾನು ಲೆಕ್ಕ ಕಲಿತದ್ದು ಮೊಬೈಲಿನಲ್ಲಿ. ಬಿ.ಕಾಂ. ಮುಗಿಸಿದ್ದೆ ನಿಜ, ಆದರೆ ಅಲ್ಲಿ ಕಲಿತದ್ದು ಪರೀಕ್ಷೆಗೆ ಸಾಕಾಗಿತ್ತು, ಕೆಲಸಕ್ಕಲ್ಲ. ಒಂದು ವಸತಿ ಯೋಜನೆ ಕಟ್ಟಿದರೆ ಲಾಭವೋ ಲುಕ್ಸಾನೋ ಅಂತ ಮೊದಲೇ ತೂಗಿ ನೋಡುವ ಲೆಕ್ಕ ಇದೆಯಲ್ಲ, ಅದರ ಹುಚ್ಚು ಹಿಡಿದಿತ್ತು ನನಗೆ. ಭೂಮಿಗೆ ಇಷ್ಟು, ಸಿಮೆಂಟು ಕಬ್ಬಿಣಕ್ಕೆ ಇಷ್ಟು, ಬಡ್ಡಿಗೆ ಇಷ್ಟು, ಮನೆ ಮಾರಿದರೆ ಬರುವುದು ಇಷ್ಟು. ಕೊನೆಯ ಚೌಕದಲ್ಲಿ ಒಂದೇ ಅಂಕಿ. ಹಸಿರಾದರೆ ಕಟ್ಟು, ಕೆಂಪಾದರೆ ಬಿಡು. ನನ್ನ ವಯಸ್ಸಿನವರು ರೀಲ್ಸ್ ನೋಡುವಾಗ ನಾನು ಇದರ ವಿಡಿಯೋ ನೋಡುತ್ತಿದ್ದೆ. ಹುಡುಗಿ ದಾರಿ ತಪ್ಪಿಲ್ಲ ಅಂತ ಮನೆಯವರು ನೆಮ್ಮದಿಯಿಂದ ಇದ್ದರು.

ವಿಜಯಪುರದ ಜಲನಗರದಲ್ಲಿ ಆಫೀಸು ಇಟ್ಟಿದ್ದ ಒಬ್ಬ ಬಿಲ್ಡರ್ ಸಾಹುಕಾರರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ತೊರವಿ ದಾಟಿದ ಮೇಲೆ ತಿಕೋಟಾ ರಸ್ತೆಗೆ ಹತ್ತಿಕೊಂಡು ಅವರದೊಂದು ಹೊಲ. ಅಲ್ಲಿ ತೊಂಬತ್ತಾರು ಮನೆ ಎದ್ದು ನಿಲ್ಲಬೇಕಿತ್ತು. ಆಗ ನಿಂತಿದ್ದದ್ದು ಕಮಾನು ಒಂದೇ. ನಮ್ಮ ಕಡೆ ಲೇಔಟುಗಳ ಪದ್ಧತಿಯೇ ಹಾಗೆ, ನೀರು ಚರಂಡಿ ಆಮೇಲೆ ನೋಡಿಕೊಂಡರಾಯಿತು, ಕಮಾನು ಮೊದಲು. ಎರಡು ಸಿಮೆಂಟಿನ ಆನೆ, ನಡುವೆ ಒಂದು ಕಮಲ, ಪಕ್ಕದಲ್ಲಿ ಜಾಲಿಗಿಡಗಳನ್ನು ಯಾರೂ ಕದಿಯದಂತೆ ಒಬ್ಬ ವಾಚ್‌ಮನ್.

ಆದರೆ ನಗರಾಭಿವೃದ್ಧಿ ಕಚೇರಿ ಕೊಟ್ಟ ಮಂಜೂರಾತಿ ಪತ್ರದಲ್ಲಿ ಒಂದು ಷರತ್ತಿತ್ತು. ಹನ್ನೆರಡು ಮನೆಗಳನ್ನು ಚಿಕ್ಕದಾಗಿ ಕಟ್ಟಿ, ಕಡಿಮೆ ಸಂಬಳದವರಿಗೆ ಕಚೇರಿ ಹೇಳಿದ ಬೆಲೆಗೇ ಕೊಡಬೇಕು. ಹಾಗೆ ಕೊಟ್ಟರೆ ಇಡೀ ಯೋಜನೆ ಮುಳುಗುತ್ತದೆ ಅಂತ ಲೆಕ್ಕ ಸಮೇತ ತೋರಿಸಿದರೆ ಷರತ್ತು ಕೈಬಿಡುವ ಅವಕಾಶವೂ ಇತ್ತು. ಮುಳುಗಿಸಿ ತೋರಿಸುವ ಕೆಲಸ ನನ್ನದು.

ಇದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ವಾರ ಕೂತು ಲೆಕ್ಕ ಮಾಡಿ, ಲ್ಯಾಪ್‌ಟಾಪು ಎದೆಗವಚಿಕೊಂಡು ಸಾಹುಕಾರರ ಕೋಣೆಗೆ ಓಡಿದೆ.

"ಸರ್, ಹನ್ನೆರಡೂ ಮನಿ ಕಟ್ಟಿದ್ರೂ ಲಾಭ ಐತ್ರಿ."

ರೋಗಿಗೆ ಏನೂ ಆಗಿಲ್ಲ ಅಂತ ರಿಪೋರ್ಟು ಬಂದಾಗ ಕೆಲವು ಡಾಕ್ಟರರ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ.

"ಹೊಲದ ರೇಟ್ ಎಷ್ಟ ಹಾಕೀದಿ ಯವ್ವಾ?"

"ಹೋದ ವರ್ಷ ಬಾಜೂ ಹೊಲ ಮಾರ್‍ಯಾರಲ್ರಿ, ಆ ರೇಟ್."

"ಬಾಜೂದಂವಂದು ಬಿಡು. ನಾ ಖರೀದಿ ಮಾಡಿದ ರೇಟ್ ಹಾಕು." ಒಂದು ಲಗ್ನಪತ್ರಿಕೆಯ ಹಿಂದೆ ಅಂಕಿ ಬರೆದು ನನ್ನ ಕಡೆ ದೂಡಿದರು. ಹಾಕಿದೆ. ಕೊನೆಯ ಚೌಕ ಕೆಂಪಗಾಯಿತು.

"ಹಾಂ, ಈಗ ಬರೋಬ್ಬರಿ ಆತು ನೋಡು."

"ಕಮಾನಿನ ಖರ್ಚು ಸ್ವಲ್ಪ ಕಡಿಮಿ ತೋರಿಸಿದ್ರ ಮತ್ತ ಹಸರು ಬರ್ತೈತ್ರಿ."

"ಕಮಾನು ಮುಟ್ಟಬ್ಯಾಡ. ಅದು ಇಜ್ಜತ್ತಿಂದು."

ಬಡವರ ಹನ್ನೆರಡು ಮನೆಯ ಭಾರಕ್ಕೆ ಕುಸಿಯುವ ಯೋಜನೆ ಎರಡು ಆನೆಗಳನ್ನು ಆರಾಮಾಗಿ ಹೊತ್ತುಕೊಂಡು ನಿಂತಿತು.

ಇಲ್ಲಿ ನನ್ನ ಚಿಗವ್ವನ, ಅಂದರೆ ನಮ್ಮವ್ವನ ತಂಗಿಯ, ವಿಷಯ ಹೇಳಬೇಕು. ನಮ್ಮ ಆಫೀಸಿನ ಹಿಂದಿನ ಓಣಿಯ ದವಾಖಾನೆಯಲ್ಲಿ ಆಕೆ ಆಯಾ. ದಿನಾ ಬಬಲೇಶ್ವರದಿಂದ ಮೊದಲನೆಯ ಬಸ್ಸಿಗೆ ಬಂದು, ಸಂಜೆ ಸಿಕ್ಕ ಬಸ್ಸಿಗೆ ಜೋತುಬಿದ್ದು ಹೋಗುತ್ತಾಳೆ. ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತವಳು. ಆ ಹನ್ನೆರಡು ಮನೆಗಳಲ್ಲಿ ಒಂದಕ್ಕೆ ಅರ್ಜಿ ಹಾಕಿದ್ದಳು. ಅರ್ಜಿ ತುಂಬಿದ ಕೈ ನನ್ನದೇ.

ಮಧ್ಯಾಹ್ನ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಆವತ್ತು ರೊಟ್ಟಿ ಮುರಿಯುತ್ತ ಕೇಳಿದಳು: "ಏನಂತೈತಿ ಬೇ ನಿನ್ನ ಕಂಪ್ಯೂಟರು?"

"ಲುಕ್ಸಾನ್ ತೋರಸಾಕತ್ತೈತಿ ಚಿಗವ್ವಾ."

"ಯಾರಿಗೆ?"

"ಸಾಹುಕಾರ್ರಿಗೆ."

ಎದುರಿಗೆ ನಿಂತಿದ್ದ ಸಾಹುಕಾರರ ಹೊಸ ಕಾರನ್ನು ನೋಡಿದಳು. ಬಾನೆಟ್ಟಿನ ಮೇಲೆ ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ. "ಪಾಪ. ಇದನ್ನ ಮಾರತಾರೇನು ಹಂಗಾರ?"

ನಾನು ಡಬ್ಬಿಯೊಳಗಿನ ಪಲ್ಯ ಕೆದಕಿದೆ.

"ಅಂದ್ರ ಹನ್ನೆರಡು ಮನಿ ಕಟ್ಟಂಗಿಲ್ಲ?"

"ವರದಿ ಒಪ್ಪಿದ್ರ ಇಲ್ಲ."

ಡಬ್ಬಿ ಮುಚ್ಚಿದಳು. "ಅರ್ಜಿ ಬರದಾಕಿನೂ ನೀನ, ಆಗೂದಿಲ್ಲಂತ ವರದಿ ಬರದಾಕಿನೂ ನೀನ. ಚಲೋ ಐತಿ ಬಿಡವಾ ನಿನ್ನ ದಂಧೆ."

ಉಳಿದ ರೊಟ್ಟಿಯನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದೆ. ಆದರೂ ಮಧ್ಯಾಹ್ನದ ಮೇಲೆ ಹೋಗಿ ಕೆಲಸ ಮುಂದುವರಿಸಿದೆ. ಸಂಬಳ ಕೊಡುವವರು ಸಾಹುಕಾರರು, ಅಂಕಿ ಕೊಟ್ಟವರೂ ಅವರೇ, ನನ್ನದೇನಿದೆ ಅಂದುಕೊಂಡೆ. ಈ ಮಾತು ಎಷ್ಟು ಅನುಕೂಲದ್ದು ಅಂತ ನೌಕರಿ ಮಾಡಿದವರಿಗೆಲ್ಲ ಗೊತ್ತು.

ವಿಡಿಯೋದ ಮೇಷ್ಟ್ರು ಒಂದು ಮಾತು ಪದೇ ಪದೇ ಹೇಳುತ್ತಿದ್ದರು, ವರದಿಯ ಪ್ರತಿ ಅಂಕಿಗೂ ಪುರಾವೆ ಲಗತ್ತಿಸಿ ಅಂತ. ಲಗತ್ತಿಸಿದೆ. ಸಿಮೆಂಟಿಗೆ ಅಂಗಡಿಯ ಕೊಟೇಶನ್, ಸಾಲಕ್ಕೆ ಬ್ಯಾಂಕಿನ ಪತ್ರ, ಆನೆಗಳಿಗೆ ಶಿಲ್ಪಿಯ ಬಿಲ್ಲು. ಭೂಮಿಗೆ ಏನು? ನಮ್ಮ ಆಫೀಸಿನ ಗುಮಾಸ್ತರನ್ನು ಖರೀದಿಪತ್ರ ಕೇಳಿದೆ. ಬಾಯಿತುಂಬ ಎಲೆ ಅಡಿಕೆ ಇದ್ದದ್ದರಿಂದ ಅವರು ಯಾಕೆ ಅಂತ ಕೇಳದೆ ಝೆರಾಕ್ಸ್ ಕೊಟ್ಟರು. ಸರ್ವೆ ನಂಬರು ಸರಿ ಇದೆಯೇ ನೋಡಿ, ಗುಲಾಬಿ ಚೀಟಿ ಅಂಟಿಸಿ, ಫೈಲು ಕಚೇರಿಗೆ ಕಳಿಸಿದೆ. ಒಳಗಿನ ದರ ಓದಲಿಲ್ಲ. ಇದನ್ನು ಇವತ್ತಿಗೂ ಯಾರೂ ನಂಬುವುದಿಲ್ಲ.

ನಮ್ಮ ಕಡೆ ಖರೀದಿಪತ್ರದಲ್ಲಿ ಬರೆಸುವ ದರ ಬೇರೆ, ಕೈಯಲ್ಲಿ ಕೊಡುವ ದರ ಬೇರೆ. ನೋಂದಣಿ ಶುಲ್ಕ ಉಳಿಯಲಿ ಅಂತ ಪತ್ರದಲ್ಲಿ ಕಡಿಮೆ ಬರೆಸುತ್ತಾರೆ. ಇದು ವಿಜಯಪುರದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ವಿಡಿಯೋದ ಮೇಷ್ಟ್ರಿಗೆ ಗೊತ್ತಿರಲಿಲ್ಲ, ಆದ್ದರಿಂದ ನನಗೂ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಕಚೇರಿಯಿಂದ ಕರೆ ಬಂತು. ಸಾಹುಕಾರರು ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಹೋದರು. ಅಧಿಕಾರಿ ಕನ್ನಡಕ ಏರಿಸಿ, ನನ್ನ ವರದಿಯ ಹಾಳೆಯನ್ನೂ ಗುಲಾಬಿ ಚೀಟಿಯ ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ವರದಿ ಭಾಳ ನೀಟ್ ಐತಿ. ಯಾರು ಮಾಡ್ಯಾರ?"

"ನಾನ್ರಿ," ಅಂದೆ ಹೆಮ್ಮೆಯಿಂದ.

"ಸಾಹುಕಾರ್ರ, ಇಲ್ಲಿ ಖರೀದಿ ರೇಟ್ ಅಂತ ಒಂದು ಬರದೀರಿ. ಖರೀದಿಪತ್ರದಾಗ ನೋಡಿದ್ರ ಅದರ ಕಾಲುಭಾಗನೂ ಇಲ್ಲ. ಹೊಲ ಒಂದ, ಮಾಲಕರು ನೀವ. ಯಾವ್ದು ಖರೆ?"

ಸಾಹುಕಾರರು ಚೀಟಿ ನೋಡಿದರು, ನನ್ನನ್ನು ನೋಡಿದರು, ಮೇಲೆ ತಿರುಗುವ ಫ್ಯಾನು ನೋಡಿದರು. "ಎರಡೂ ಖರೆನರಿ ಸಾಹೇಬ್ರ. ಅದು ಆ ಆಫೀಸಿಗೆ, ಇದು ಈ ಆಫೀಸಿಗೆ."

"ಈ ಆಫೀಸಿಂದು ಖರೆ ಅಂದ್ರ ಸಹಿ ಮಾಡ್ರಿ, ಆ ಆಫೀಸಿಗೆ ಕಳಸ್ತೀನಿ. ಉಳಿಸಿಕೊಂಡ ಶುಲ್ಕ ದಂಡದ ಸಮೇತ ತುಂಬೂದು ಬರ್ತೈತಿ. ಆ ಆಫೀಸಿಂದು ಖರೆ ಅಂದ್ರ ನಿಮಗ ಲುಕ್ಸಾನ್ ಇಲ್ಲ, ಹನ್ನೆರಡು ಮನಿ ಕಟ್ಟ್ರಿ. ಚಹಾ ತಗೋತೀರೇನು?"

ಚಹಾ ಬರುವುದರೊಳಗೆ ಸಾಹುಕಾರರಿಗೆ ಬಡವರ ಮೇಲೆ ಪ್ರೀತಿ ಹುಟ್ಟಿತ್ತು. "ಕಟ್ಟೋಣ್ರಿ. ಬಡವರಿಗೆ ಮಾಡಿದ್ದು ಎಲ್ಲಿ ಹೋಗ್ತೈತಿ," ಅಂದರು.

ಅಲ್ಲಿಂದ ಹೊಲ ನೋಡಲು ಹೊರಟೆವು. ಕಾರು ಇಟ್ಟಂಗಿಹಾಳದ ಕಡೆ ತಿರುಗುವ ರಸ್ತೆಗೆ ಬಂದಾಗ ಸಾಹುಕಾರರು ಕೇಳಿದರು: "ಪುರಾವೆ ಹಚ್ಚಂತ ನಿನಗ ಹೇಳಿದಂವ ಯಾರು?"

"ಯೂಟ್ಯೂಬಿನ್ಯಾಗರಿ."

"ಅವಂಗ ಎಷ್ಟು ಮನಿ ಅದಾವಂತ?"

ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಕಂಪ್ಯೂಟರಿನಲ್ಲಿದ್ದ ಲೆಕ್ಕದ ಫೈಲಿನ ಪಾಸ್‌ವರ್ಡು ನನ್ನೊಬ್ಬಳಿಗೇ ಗೊತ್ತಿತ್ತು.

ಸೇಡು ತೀರಿಸಿಕೊಂಡದ್ದು ನಕ್ಷೆಯಲ್ಲಿ. ಹನ್ನೆರಡು ಮನೆಗಳನ್ನು ಒಳರಸ್ತೆಯ ಕಡೆಗಿದ್ದ ಕಮಾನಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ತಿಕೋಟಾ ರಸ್ತೆಯ ಲಾರಿಗಳ ಹಾರ್ನು ಕೇಳುವ ಮೂಲೆಗೆ ತಳ್ಳಿದರು. ನಡುವೆ ಗೋಡೆ. ಆ ಕಡೆಯವರಿಗೆ ರಸ್ತೆಗೆ ಒಂದು ಕಬ್ಬಿಣದ ಸಣ್ಣ ಗೇಟು. ಆನೆಗಳ ಕೆಳಗೆ ಓಡಾಡುವ ಭಾಗ್ಯ ಅವರಿಗಿಲ್ಲ.

ಕಚೇರಿಯಲ್ಲಿ ಅರ್ಜಿದಾರರ ಹೆಸರಿನ ಚೀಟಿ ಎತ್ತಿದಾಗ ಹತ್ತನೆಯದು ಚಿಗವ್ವನದು. ಹೋದ ವರ್ಷ ಆಕೆ ಮನೆ ಹೊಕ್ಕಳು. ಬಸ್ ಸ್ಟಾಪು ಆ ಸಣ್ಣ ಗೇಟಿನ ಎದುರಿಗೇ ಇದೆ. ನಕ್ಷೆ ಮಾಡುವಾಗ ಸಾಹುಕಾರರಿಗೆ ಇದು ಹೊಳೆದಿರಲಿಲ್ಲ, ಅವರು ಬಸ್ಸು ಹತ್ತಿ ಎಷ್ಟೋ ಕಾಲವಾಗಿತ್ತು. ದೊಡ್ಡ ಮನೆಯವರು ಸ್ಟಾಪಿಗೆ ಬರಬೇಕೆಂದರೆ ಕಮಾನು ಹಾಯ್ದು ಇಡೀ ಕಾಂಪೌಂಡು ಸುತ್ತಬೇಕು.

ಮೊನ್ನೆ ನಾನು ಅಲ್ಲಿದ್ದಾಗ ಗೋಡೆಯಾಚೆಯ ದೊಡ್ಡ ಮನೆಯ ಒಬ್ಬ ಮೇಡಂ ಬಂದು, ಮಕ್ಕಳು ಶಾಲೆಗೆ ಬಸ್ಸು ಹಿಡಿಯುವುದಕ್ಕೆ ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ ನಿಮ್ಮ ಗೇಟಿನಿಂದ ಹಾಯಬಹುದೇ ಅಂತ ಕೇಳಿದರು. ಚಿಗವ್ವ ನನ್ನ ಕಡೆ ಕೈ ತೋರಿಸಿದಳು.

"ನಮ್ಮ ಹುಡುಗಿ ಲೆಕ್ಕ ಹಾಕಿ ಹೇಳ್ತಾಳ್ರಿ, ನಮಗ ಲುಕ್ಸಾನ್ ಏನರ ಆಗ್ತೈತೇನಂತ."

ಮೇಡಂ ಹೋದ ಮೇಲೆ ಆಕೆ ದವಾಖಾನೆಗೆ ಹೊರಡಲು ಸೀರೆ ಸರಿಮಾಡಿಕೊಂಡಳು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಕೂತು ಚಹಾ ಕುಡಿದಳು.