ರೋಸ್ ಮುಗಿಯಿತು, ಮದುಮಗ ಬರಲಿಲ್ಲ

ಮದುಮಗಳ ತಲೆಗೆ ತೆಂಗಿನ ಹಾಲು ಸುರಿದಾಗಿತ್ತು. ಆಗ ಫೋನ್ ಬಂತು. ಫ್ಲೈಟ್ ಕ್ಯಾನ್ಸಲ್!

ಕಳೆದ ವಾರ ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದು. ಪಕ್ಕದ ಫ್ಲಾಟಿನ ಹಿಲ್ಡಾ ಬಾಯಿಯ ಮಗಳು ರೀನಾಳ ರೋಸ್. (ಮದುವೆಯ ಮುನ್ನಾದಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆಮೇಲೆ ಭರ್ಜರಿ ಊಟ. ನಾನು ಹೋದದ್ದು ಅದಕ್ಕೇ.)

ಮದುಮಗ ಮೆಲ್ವಿನ್ ಗಲ್ಫಿನಲ್ಲಿ. ಮದುವೆಯ ನಂತರ ನಾಲ್ಕು ದಿನ ಹೆಚ್ಚು ಸಿಗಲಿ ಎಂದು ಕೊನೆಯ ಗಳಿಗೆಯ ಟಿಕೆಟ್ ಮಾಡಿದ್ದ, ಎಲ್ಲ ಗಲ್ಫಿನವರ ಹಾಗೆ. ಅಷ್ಟರಲ್ಲಿ ಅಲ್ಲಿ ಕ್ಷಿಪಣಿ ಹಾರಿತು, ವಿಮಾನ ನಿಂತಿತು. ಕೊಟ್ಟಾರದ ಅವನ ಮನೆಯಲ್ಲೂ ಹಾಲು ಹಿಂಡಿಟ್ಟು ಕಾಯುತ್ತಿದ್ದರಂತೆ.

"ಮುಂದಿನ ವಾರ ಇಟ್ಟುಕೊಳ್ಳಬಹುದಲ್ಲ?" ಎಂದೆ, ಮಹಾ ಬುದ್ಧಿವಂತನ ಹಾಗೆ.

"ಎಂತ ಹೇಳ್ತೀರಿ ಮಾರಾಯ್ರೆ? ಬುಧವಾರದಿಂದ ಉಪವಾಸದ ಕಾಲ. ಈಸ್ಟರ್‌ವರೆಗೆ ನಮ್ಮಲ್ಲಿ ಮದುವೆ ಇಲ್ಲ. ಈಸ್ಟರ್ ಆಗುವಾಗ ಅವನಿಗೆ ರಜೆ ಎಲ್ಲಿ ಉಂಟು?" ಎಂದರು ಹಿಲ್ಡಾ ಬಾಯಿ.

ಅಂದರೆ ಮದುವೆ ಮುಂದಿನ ವರ್ಷಕ್ಕೆ. ಅದೂ ಆಗ ಇನ್ನೊಂದು ಯುದ್ಧ ಇಲ್ಲದಿದ್ದರೆ.

ತಮಾಷೆ ನೋಡಿ, ಈ ರೀನಾ ಹುಟ್ಟಿದ್ದೇ ಯುದ್ಧದಿಂದ! ಕುವೈಟ್ ಯುದ್ಧದಲ್ಲಿ ಕೆಲಸ ಹೋಗಿ ಅವಳ ಅಪ್ಪ ಒಂದೇ ಸೂಟ್‌ಕೇಸ್ ಹಿಡಿದು ಮನೆ ಸೇರಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಗಂಡಂದಿರೆಲ್ಲ ಒಟ್ಟಿಗೆ ಬಂದು ಕೂತರೆ ಏನಾಗುತ್ತದೆ? ಮರುವರ್ಷ ನಮ್ಮ ಬೀದಿಯಲ್ಲಿ ತೊಟ್ಟಿಲಿಗೆ ಬರ.

ದೊಡ್ಡ ಯುದ್ಧ ಕಂಡ ದೇಶಗಳಲ್ಲಿ ಆದದ್ದು ಇದರ ತಿರುಗುಮುರುಗು. ಗಂಡಸರು ಸತ್ತರು, ಎಷ್ಟೋ ಹೆಂಗಸರು ಒಂಟಿಯಾಗಿಯೇ ಮುದುಕಿಯರಾದರು. ಅವರಿಗೆ ಹುಟ್ಟಬೇಕಿದ್ದ ಮಕ್ಕಳಿಲ್ಲ, ಆ ಮಕ್ಕಳಿಗೆ ಹುಟ್ಟಬೇಕಿದ್ದ ಮಕ್ಕಳೂ ಇಲ್ಲ. ಸತ್ತದ್ದು ಒಂದು ತಲೆಮಾರು, ಬರಿದಾದದ್ದು ಮೂರು. ಟಿವಿಯವರು ಮಾತ್ರ ಯುದ್ಧ ಮುಗಿಯಿತು ಎನ್ನುತ್ತಾರೆ. ಯಾರಿಗೆ ಮುಗಿಯಿತು ಸ್ವಾಮಿ? ನನಗಂತೂ ಈ ಸುದ್ದಿ ಕೇಳಿ ಕೇಳಿ ಸಾಕಾಗಿದೆ.

ಮಾಡಿದ ಅಡುಗೆ ಚೆಲ್ಲಲಾದೀತೆ? ಎಲ್ಲರೂ ತಲೆ ತಗ್ಗಿಸಿ ಉಂಡೆವು. ಬ್ಯಾಂಡಿನವರೂ ಉಂಡು ಹೋದರು. ಕೈ ತೊಳೆಯುವಾಗ ರೀನಾ ಪಕ್ಕಕ್ಕೆ ಬಂದಳು. ಸ್ನಾನ ಆಗಿತ್ತು, ಕೂದಲು ಒದ್ದೆ.

"ಅಂಕಲ್, ನನಗೆ ಮೂವತ್ತನಾಲ್ಕು ಆಯ್ತು. ಎರಡು ಮಕ್ಕಳು ಬೇಕು ಅಂತ ನಾವಿಬ್ಬರೂ ಮಾತಾಡಿದ್ದೆವು. ಇನ್ನು ಒಂದು ಆದ್ರೆ ಅದೇ ದೊಡ್ಡದು" ಎಂದಳು. ಒದ್ದೆ ಕೂದಲು ಹಿಂಡುತ್ತಾ, "ಎರಡನೆಯದಕ್ಕೂ ಹೆಸರು ಇಟ್ಟಾಗಿತ್ತು" ಎಂದಳು.

ಯುದ್ಧದಲ್ಲಿ ಸತ್ತ ಸೈನಿಕರ ಹೆಸರನ್ನಾದರೂ ಕಲ್ಲಿನ ಮೇಲೆ ಕೆತ್ತುತ್ತಾರೆ, ಈ ಹೆಸರನ್ನು ಎಲ್ಲಿ ಬರೆಯುವುದು?