ನಾದಿನಿಯ ಬಾಣಂತನ

ಐದನೇ ತಿಂಗಳಲ್ಲಿ ನನಗೆ ಗರ್ಭಪಾತವಾದ ಮೇಲೆ, ಜಲನಗರದ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಟಿವಿಯಲ್ಲಿ ಕೂಸಿನ ಸೋಪಿನ ಜಾಹೀರಾತು ಬಂದರೂ ನಮ್ಮವರು ಚಾನೆಲ್ ಬದಲಿಸುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿದ್ದ ನಾದಿನಿಯನ್ನು, ನನ್ನ ಮನಸ್ಸಿಗೆ ನೋವಾದೀತೆಂದು, ಬಬಲೇಶ್ವರದ ಗಂಡನ ಮನೆಯಲ್ಲೇ ಉಳಿಸಿದರು. ಅವಳು ಹಡೆದದ್ದು ನನಗೆ ಗೊತ್ತಾದದ್ದು ಅತ್ತೆ ಫೋನಿನಲ್ಲಿ ಪಿಸುಗುಟ್ಟಿದಾಗ.

ನಾನು ಮಾತು ಬಿಟ್ಟೆ. ಕಣ್ಣೆದುರೇ ಹಾಲು ಉಕ್ಕಿದರೂ ಸುಮ್ಮನೆ ನಿಂತಿರುತ್ತಿದ್ದೆ. ಡಾಕ್ಟರು ಆಪ್ತಸಮಾಲೋಚಕಿಯೊಬ್ಬರನ್ನು ಕಾಣಲು ಹೇಳಿದರು.

ಅತ್ತೆಯೂ ಜೊತೆಗೆ ಬಂದರು. "ನಿದ್ದೆ ಬರುತ್ತದೆಯೇ?" ಎಂದು ಸಮಾಲೋಚಕಿ ನನ್ನನ್ನು ಕೇಳಿದರೆ, "ಮಾಡತಾಳ್ರಿ, ಉಣತಾಳ್ರಿ, ಎಲ್ಲಾ ಛಲೋ ಐತ್ರಿ" ಎಂದು ಅತ್ತೆಯೇ ಉತ್ತರಿಸಿದರು.

"ಅಮ್ಮಾ, ನೀವು ಹೊರಗ ಚಹಾ ಕುಡೀರಿ. ಇವರದು ಇವರೇ ಹೇಳಲಿ."

ಬಾಗಿಲು ಮುಚ್ಚಿತು. ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಕೂತು, "ಐ ಆ್ಯಮ್ ಫೈನ್" ಎಂದೆ. ಆಕೆ ಅವಸರ ಮಾಡಲಿಲ್ಲ. ಕಸೂತಿಯ ಮೇಜುಬಟ್ಟೆಯ ಅಂಚು ಸರಿಪಡಿಸುತ್ತ ಕೇಳಿದರು: "ಕೂಸಿಗೆ ಏನು ಹೆಸರು ಇಡಬೇಕಂತ ಮಾಡಿದ್ರಿ?"

ಹೇಳಿದೆ. ಆ ಹೆಸರು ಮೊದಲ ಸಲ ನನ್ನ ಬಾಯಿಂದ ಹೊರಗೆ ಬಂತು. ಹಿಂದೆಯೇ ಅಳುವೂ.

ಮುಂದಿನ ಭೇಟಿಯೊಂದರಲ್ಲಿ ನಾದಿನಿಯ ವಿಷಯ ಬಂತು. "ಆಕೆ ಬರುವುದು ಬೇಡವೆಂದು ನೀವು ಹೇಳಿದ್ದಿರಾ?" ಎಂದು ಕೇಳಿದರು. ಇಲ್ಲ. ಬೇಕೆಂದೂ ಹೇಳಿರಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ.

ಅಂದು ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಹೇಳಿದೆ: "ಅತ್ತಿ, ಬಾಣಂತೀನ ಇಲ್ಲೇ ಕರಕೊಂಡು ಬರೂಣ್ರಿ."

ಅತ್ತೆಯ ಕೈ ನಿಂತಿತು. "ನಿನ್ನ ಮಾತೋ, ಆ ಹೆಣ್ಣಮಗಳು ಕಲಿಸಿದ್ದೋ?"

"ಅವರು ಏನೂ ಕಲಿಸೂದಿಲ್ರಿ. ಬರೇ ಕೇಳಕೋತ ಕೂಡತಾರ."

"ಹಂಗ ಕೂಡೂದೂ ಒಂದು ನೌಕರಿ ಏನ ಯವ್ವಾ!"

"ನಡುವ ನನಗ ಅಳು ಬಂದ್ರ ಅಳತೀನ್ರಿ."

"ಅಳವ್ವಾ. ಕೂಸೂ ಅಳತೈತಿ, ಕೂಡೇ ಅಳ್ರಿ," ಎಂದವರು ಸೆರಗಿನಿಂದ ತಮ್ಮ ಕಣ್ಣೇ ಒರೆಸಿಕೊಂಡರು.

ನಾದಿನಿ ಬಂದ ದಿನ ಬಚ್ಚಲಿಗೆ ಹೋಗಿ ನಾನು ಅತ್ತದ್ದು ನಿಜ. ಹೊರಗೆ ಬಂದಾಗ ಅವಳು ಕೂಸನ್ನು ಎತ್ತಿಕೊಂಡು, ಕೇಳಲೋ ಬೇಡವೋ ಎನ್ನುವಂತೆ ನಿಂತಿದ್ದಳು. "ವೈನಿ, ಸ್ವಲ್ಪ ಹಿಡೀತೀರೇನ್ರಿ? ನನ್ನ ಕೈ ಸೋತಾವ."

ಕೈ ಚಾಚಿದೆ. ಬಜೆಯ ವಾಸನೆಯ ಬೆಚ್ಚನೆಯ ಗಂಟು. ನನ್ನ ಕುಪ್ಪಸದ ಗುಂಡಿ ಹಿಡಿದುಕೊಂಡು ಅದು ನಿದ್ದೆ ಹೋಯಿತು.